ಅಪ್‌ಡೇಟ್: ಎಂಬಿಆರ್‌ಟೋಡಬ್ಲ್ಯುಸಿ -2 ಕೊಡುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು

ಕನ್ನಡದ ಯುಟಿಎಫ್-8 ಫೈಲನ್ನು ಸಿ ಪ್ರೋಗ್ರಾಮ್‌ನಲ್ಲಿ 4096 ಬೈಟ್‌ಗಳ ತುಂಡುಗಳಾಗಿ ಓದಿ ವೈಡ್ ಕ್ಯಾರೆಕ್ಟರ್ (ಒಂದು ಅಕ್ಷರವನ್ನು ಒಂದೇ ನಂಬರ್ ಆಗಿ ಇಡುವ ರೂಪ) ಮಾಡುವಾಗ, ಆ ಕೆಲಸ ಮಾಡುವ ಸಿ ಫಂಕ್ಷನ್ ಎಂಬಿಆರ್‌ಟೋಡಬ್ಲ್ಯುಸಿ ನಡುನಡುವೆ -2 ಕೊಡುತ್ತದೆ ಅಂತ ಕೇಳಿದ್ದೆ. ಬಗೆಹರಿಯಿತು, ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್!

ಅದು ಎರರ್ ಅಲ್ಲವೇ ಅಲ್ಲ. ಎರರ್ ಅಂದರೆ -1. -2 ಅಂದರೆ ಅಕ್ಷರದ ಬೈಟ್‌ಗಳು ಇನ್ನೂ ಪೂರ್ತಿ ಬಂದಿಲ್ಲ ಅಂತ. ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ (ಅಕ್ಷರಕ್ಕೋ ಚಿಹ್ನೆಗೋ ಯುನಿಕೋಡ್ ಕೊಟ್ಟ ನಂಬರ್) 3 ಬೈಟ್ ಬೇಕು, ತುಂಡು ಎಲ್ಲಿ ಮುಗಿಯುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಅಲ್ವಾ, ಹಾಗಾಗಿ ಕೊನೆಯಲ್ಲಿ ಎಷ್ಟೋ ಸಲ ಒಂದೋ ಎರಡೋ ಬೈಟ್ ಮಾತ್ರ ಸಿಗುತ್ತದೆ, ಉಳಿದದ್ದು ಮುಂದಿನ ತುಂಡಿನಲ್ಲಿ ಇರುತ್ತದೆ. ಸಿಕ್ಕಿದ್ದನ್ನು ನಾವು ಫಂಕ್ಷನ್‌ಗೆ ಕೊಡುವ ಎಂಬಿಸ್ಟೇಟ್_ಟಿ ವೇರಿಯಬಲ್ ನೆನಪಿಟ್ಟುಕೊಂಡಿರುತ್ತದೆ. ಆ ವೇರಿಯಬಲನ್ನು ಶುರುವಿನಲ್ಲಿ ಮಾತ್ರ ಸೊನ್ನೆ ಮಾಡಿ, ಮುಂದೆಲ್ಲ ಅದನ್ನೇ ಕೊಡುತ್ತಾ ಹೋಗಿ. ಹಳೇ ಬೈಟ್‌ಗಳನ್ನು ಮತ್ತೆ ಕೊಡಲೇಬೇಡಿ. ಇನ್ನೊಂದು, ಫಂಕ್ಷನ್ ವಾಪಸ್ ಕೊಡುವ ಟೈಪ್ ಸೈಜ್_ಟಿ ಅನ್‌ಸೈನ್ಡ್ (ಮೈನಸ್ ಇಲ್ಲದ್ದು), ಹಾಗಾಗಿ ಸೊನ್ನೆಗಿಂತ ಕಮ್ಮಿಯಾ ಅಂತ ನೋಡಿದರೆ -1, -2 ಯಾವತ್ತೂ ಸಿಕ್ಕಿಬೀಳಲ್ಲ. ಬೈಟ್‌ಗಳನ್ನು ಯುಟಿಎಫ್-8 ಅಂತ ಓದುವ ಹಾಗೆ ಹೊಂದಿಸುವ ಸೆಟ್‌ಲೊಕೇಲ್ ಕಾಲ್ ಅಂತೂ ಎಲ್ಲಕ್ಕಿಂತ ಮೊದಲು ಬೇಕೇ ಬೇಕು.