ಗಣಿತ ತುಂಬಿದ ಸೂಕ್ಷ್ಮ ಅರ್ಥಶಾಸ್ತ್ರ: ಲೆಕ್ಕ ಬರುತ್ತದೆ, ಅರ್ಥ ಹೊಳೆಯುವುದಿಲ್ಲ

ಪ್ರಶ್ನೆ
ಸೀಮಾಂತ ವಿದ್ಯಾರ್ಥಿ

ನಾನು ಪದವಿಯ ಎರಡನೆಯ ವರ್ಷದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಮೊದಲ ವರ್ಷದಲ್ಲಿ ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನೆಳೆದು, ಅವು ಸಂಧಿಸುವ ಬಿಂದುವನ್ನು ಗುರುತಿಸಿ, ಕೆಳಗೆ ನಾಲ್ಕು ಸಾಲು ವಿವರಣೆ ಬರೆದರೆ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಈ ವರ್ಷದ ಸೂಕ್ಷ್ಮ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ರೇಖಾಚಿತ್ರಗಳು ಎರಡನೆಯ ವಾರಕ್ಕೇ ಮೂಲೆಗೆ ಸರಿದವು. ಈಗ ಹಲಗೆಯ ತುಂಬ ತುಷ್ಟಿಗುಣ ಫಲನ (ಕೊಂಡ ವಸ್ತುಗಳಿಂದ ಸಿಗುವ ತೃಪ್ತಿಯ ಅಳತೆ), ಭಾಗಶಃ ಅವಕಲನ, ಲ್ಯಾಮ್ಡಾ ಎಂದು ಬರೆಯುವ ಲಗ್ರಾಂಜ್ ಗುಣಕ, ಸ್ಲಟ್ಸ್‌ಕಿ ಸಮೀಕರಣ ಇವೇ ಕಾಣುತ್ತವೆ.

ವಿಚಿತ್ರವೆಂದರೆ ಕಲನಶಾಸ್ತ್ರ ನನಗೆ ಹೊಸದಲ್ಲ. ಗಣಿತದ ಪತ್ರಿಕೆಯಲ್ಲಿ ನನ್ನ ಅಂಕಗಳು ಚೆನ್ನಾಗಿಯೇ ಇದ್ದವು. ಆದರೂ ಇಲ್ಲಿನ ಮೊದಲ ಕಿರುಪರೀಕ್ಷೆಯಲ್ಲಿ 40ಕ್ಕೆ 13 ಬಂದಿತು. ಒಂದು ಪ್ರಶ್ನೆ ಹೀಗಿತ್ತು: ಒಬ್ಬ ಗ್ರಾಹಕನ ತುಷ್ಟಿಗುಣವು ಎಕ್ಸ್ ಮತ್ತು ವೈ ಎಂಬ ಎರಡು ವಸ್ತುಗಳ ಪ್ರಮಾಣಗಳ ಗುಣಲಬ್ಧವಾಗಿದೆ, ಅವುಗಳ ಬೆಲೆ ಕ್ರಮವಾಗಿ 2 ಮತ್ತು 5 ನಾಣ್ಯ, ಅವನ ಕೈಯಲ್ಲಿರುವುದು 100 ನಾಣ್ಯ. ತುಷ್ಟಿಗುಣವನ್ನು ಗರಿಷ್ಠಗೊಳಿಸುವ ಪ್ರಮಾಣಗಳನ್ನೂ ಲ್ಯಾಮ್ಡಾದ ಮೌಲ್ಯವನ್ನೂ ಕಂಡುಹಿಡಿದು, ಲ್ಯಾಮ್ಡಾದ ಆರ್ಥಿಕ ಅರ್ಥವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕಿತ್ತು. ಎಕ್ಸ್ 25, ವೈ 10, ಲ್ಯಾಮ್ಡಾ 5 ಎಂದು ಸರಿಯಾಗಿಯೇ ಬಂದಿತು. ಆ ಒಂದು ವಾಕ್ಯದ ಜಾಗ ಮಾತ್ರ ಖಾಲಿ ಉಳಿಯಿತು. ಉಳಿದ ಪ್ರಶ್ನೆಗಳಲ್ಲಿಯೂ ನಾನು ಅಂಕ ಕಳೆದುಕೊಂಡದ್ದು ಇಂಥ ಜಾಗಗಳಲ್ಲಿಯೇ.

ಈ ಪತ್ರಿಕೆಯನ್ನು ಓದಿ ಮುಗಿಸಿದವರು ದಯವಿಟ್ಟು ತಿಳಿಸಿ: ಇದು ಅಭ್ಯಾಸದಿಂದ ನೀಗುವ ಕೊರತೆಯೇ, ಅಥವಾ ಈ ಅವಧಿಗೆ ಪತ್ರಿಕೆಯನ್ನು ಬಿಟ್ಟು ಇನ್ನಷ್ಟು ಗಣಿತ ಕಲಿತು ಬರುವುದು ಲೇಸೇ?

ಉತ್ತರ 1
ಎರಡನೆಯ ಯತ್ನ

ನಾನು ಈ ಪತ್ರಿಕೆಯನ್ನು ಎರಡು ಸಲ ತೆಗೆದುಕೊಂಡವನು, ಆದ್ದರಿಂದ ನಿಮ್ಮ ಆ ಖಾಲಿ ಜಾಗದ ಪರಿಚಯ ನನಗೆ ಚೆನ್ನಾಗಿಯೇ ಇದೆ. ಮೊದಲ ಸಲ ಇಪ್ಪತ್ತು ಲೆಕ್ಕಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಇಪ್ಪತ್ತೊಂದನೆಯದೂ ಅದೇ ಅಚ್ಚಿಗೆ ಇಳಿಯುತ್ತದೆಂದು ನಂಬಿ ಪರೀಕ್ಷೆಗೆ ಹೋಗಿದ್ದೆ. ಅಲ್ಲಿ ಬಂದದ್ದು ಗುಣಲಬ್ಧವಲ್ಲ, ಮೊತ್ತ: ತುಷ್ಟಿಗುಣವೆಂದರೆ ಎಕ್ಸ್ ಮತ್ತು ವೈಗಳನ್ನು ಕೂಡಿಸಿದಷ್ಟು. ಬೆಲೆಗಳು ನಿಮ್ಮ ಲೆಕ್ಕದಲ್ಲಿರುವಂತೆ 2 ಮತ್ತು 5 ಎಂದೇ ಇಟ್ಟುಕೊಳ್ಳಿ. ಅವಕಲಿಸಿದರೆ ಒಂದು ಸಮೀಕರಣ ಲ್ಯಾಮ್ಡಾ ಅರ್ಧ ಎನ್ನುತ್ತದೆ, ಇನ್ನೊಂದು ಐದನೆಯ ಒಂದು ಭಾಗ ಎನ್ನುತ್ತದೆ. ಎಲ್ಲೋ ಕೂಡಿಸುವಲ್ಲಿ ತಪ್ಪಿದೆನೆಂದು ಭಾವಿಸಿ ಮತ್ತೆ ಮತ್ತೆ ಬರೆದು ಅರ್ಧ ಗಂಟೆ ಕಳೆದೆ. ಪೆನ್ನು ಕೆಳಗಿಟ್ಟು ಒಂದು ಕ್ಷಣ ಗ್ರಾಹಕನ ಜಾಗದಲ್ಲಿ ನಿಂತಿದ್ದರೆ ಸಾಕಿತ್ತು: ಎರಡೂ ವಸ್ತುಗಳು ಒಂದೇ ತೃಪ್ತಿ ಕೊಡುವಾಗ ಯಾರೇ ಆದರೂ ಅಗ್ಗದ್ದನ್ನೇ ಕೊಳ್ಳುತ್ತಾರೆ. ಎಕ್ಸ್ 50, ವೈ ಸೊನ್ನೆ. ಇದನ್ನು ಮೂಲೆಯ ಪರಿಹಾರ ಎನ್ನುತ್ತಾರೆ. ಇಲ್ಲಿ ಆಯವ್ಯಯ ರೇಖೆಯು (ಇರುವ ಹಣಕ್ಕೆ ಸಿಗುವ ಜೋಡಿಗಳು) ತಟಸ್ಥ ರೇಖೆಯನ್ನು (ಒಂದೇ ತೃಪ್ತಿ ಕೊಡುವ ಜೋಡಿಗಳು) ಸ್ಪರ್ಶಿಸುವ ಪ್ರಶ್ನೆಯೇ ಬರುವುದಿಲ್ಲ. 1951ರಲ್ಲಿ ಕುನ್ ಮತ್ತು ಟಕರ್ ಪ್ರಕಟಿಸಿದ ನಿಬಂಧನೆಗಳು ನಿಮ್ಮ ಪಾಠದಲ್ಲಿ ಮುಂದೆ ಬರುವುದು ಇಂಥ ಸಂದರ್ಭಗಳಿಗಾಗಿಯೇ.

ಎರಡನೆಯ ಸಲ ನಾನು ಮಾಡಿದ ಲೆಕ್ಕಗಳ ಸಂಖ್ಯೆ ಕಡಿಮೆ, ಆದರೆ ಉತ್ತರ ಬಂದ ಮೇಲೆ ಒಂದು ಅಂಕಿಯನ್ನು ಅಲುಗಾಡಿಸಿ ನೋಡುವ ರೂಢಿ ಮಾಡಿಕೊಂಡೆ. ನಿಮ್ಮ ಲೆಕ್ಕದಲ್ಲಿ 100 ನಾಣ್ಯದ ಬದಲು 101 ಇಡಿ. ಎಕ್ಸ್ 25.25 ಆಗುತ್ತದೆ, ವೈ 10.1 ಆಗುತ್ತದೆ, ಗುಣಲಬ್ಧ 255.025. ಮೊದಲು ಅದು 250 ಇತ್ತು. ಹೆಚ್ಚಾದದ್ದು ಐದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು. ನಿಮ್ಮ ಲ್ಯಾಮ್ಡಾ 5. ಕೈಯಲ್ಲಿನ ಹಣ ಒಂದು ನಾಣ್ಯದಷ್ಟು ಹೆಚ್ಚಿದರೆ ಗರಿಷ್ಠ ತುಷ್ಟಿಗುಣ ಸುಮಾರು 5ರಷ್ಟು ಹೆಚ್ಚುತ್ತದೆ ಎಂಬುದೇ ನೀವು ಖಾಲಿ ಬಿಟ್ಟ ವಾಕ್ಯ. ಸರಿಯಾಗಿ 5 ಬರದಿರುವುದಕ್ಕೆ ಕಾರಣವೂ ಇದೆ: ಲ್ಯಾಮ್ಡಾ ಆ ಬಿಂದುವಿನಲ್ಲಿನ ಇಳಿಜಾರನ್ನು ಹೇಳುತ್ತದೆ, ಇಡೀ ಒಂದು ನಾಣ್ಯದ ಹೆಜ್ಜೆಯನ್ನಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಪತ್ರಿಕೆಯನ್ನು ಈಗಲೇ ಬಿಡಬೇಡಿ.

ಉತ್ತರ 2
ಕೆಂಪು ಶಾಯಿ

ಈ ಪತ್ರಿಕೆಯ ಅಭ್ಯಾಸ ತರಗತಿಗಳನ್ನು ನಡೆಸಿ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ನನ್ನದು. ಅವಕಲನ ತಪ್ಪಾದ ಉತ್ತರಗಳಿಗಿಂತ, ಅವಕಲನವೆಲ್ಲ ಸರಿಯಾಗಿದ್ದೂ ಪ್ರಶ್ನೆಗೆ ಉತ್ತರವಾಗದೆ ಉಳಿದವುಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ಗಣಿತದ ತರಗತಿಯಲ್ಲಿ ಸಮೀಕರಣವನ್ನು ಯಾರೋ ಬರೆದು ಕೈಗೆ ಕೊಟ್ಟಿರುತ್ತಾರೆ, ಬಿಡಿಸುವುದಷ್ಟೇ ನಮ್ಮ ಪಾಲಿನದು. ಇಲ್ಲಿ ಯಾರು ಆಯ್ಕೆ ಮಾಡುತ್ತಿದ್ದಾರೆ, ಯಾವುದು ಅವರ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಮಾತಿನಿಂದ ಹೆಕ್ಕಿ ಸಮೀಕರಣವನ್ನು ನೀವೇ ಕಟ್ಟಬೇಕು, ಕೊನೆಯಲ್ಲಿ ಅದನ್ನು ಮತ್ತೆ ಮಾತಿಗೆ ಇಳಿಸಬೇಕು. ಗಣಿತದಲ್ಲಿ ಚೆನ್ನಾಗಿದ್ದವರು ಇಲ್ಲಿ ಎಡವುವುದು ಈ ಎರಡು ತುದಿಗಳಲ್ಲಿ.

ನೀವು ಹೆಸರಿಸಿದ ಸ್ಲಟ್ಸ್‌ಕಿ ಸಮೀಕರಣವನ್ನೇ ತೆಗೆದುಕೊಳ್ಳಿ. 1915ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳಿಗೆ ಅದು ಏನನ್ನು ಬೇರ್ಪಡಿಸುತ್ತದೆ ಎಂದು ಕೇಳಿದರೆ ತಡವರಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಎಕ್ಸ್‌ನ ಬೆಲೆ 2ರಿಂದ 8ಕ್ಕೆ ಏರಿತು ಎನ್ನೋಣ. ಗ್ರಾಹಕನು 25ರ ಬದಲು 6.25 ಘಟಕಗಳನ್ನಷ್ಟೇ ಕೊಳ್ಳುತ್ತಾನೆ. ಈ ಇಳಿಕೆಯಲ್ಲಿ ಎಷ್ಟು ಪಾಲು ಎಕ್ಸ್ ದುಬಾರಿಯಾದ್ದರಿಂದ, ಎಷ್ಟು ಪಾಲು ಅವನು ಒಟ್ಟಿನಲ್ಲಿ ಬಡವನಾದ್ದರಿಂದ? ಅವನ ಹಳೆಯ ತುಷ್ಟಿಗುಣವಾದ 250 ಕೆಡದಂತೆ ಹಣ ತುಂಬಿಕೊಟ್ಟೆವೆಂದು ಊಹಿಸಿ. ಹೊಸ ಬೆಲೆಗಳಲ್ಲಿ ಅದಕ್ಕೆ 200 ನಾಣ್ಯ ಬೇಕು, ಆಗ ಅವನು ಎಕ್ಸ್ 12.5 ಮತ್ತು ವೈ 20 ಕೊಳ್ಳುತ್ತಾನೆ. 25ರಿಂದ 12.5ಕ್ಕೆ ಇಳಿದದ್ದು ಬದಲಿ ಪರಿಣಾಮ. ಆ ಹೆಚ್ಚುವರಿ ಹಣವನ್ನು ಹಿಂದಕ್ಕೆ ಪಡೆದಾಗ 12.5ರಿಂದ 6.25ಕ್ಕೆ ಇಳಿದದ್ದು ಆದಾಯ ಪರಿಣಾಮ. ಇದು ಅರ್ಥಶಾಸ್ತ್ರಜ್ಞ ಹಿಕ್ಸ್ ಅವರ ಕ್ರಮ. ಹಳೆಯ ಸರಕುಗಳನ್ನೇ ಕೊಳ್ಳುವಷ್ಟು, ಅಂದರೆ ಕೈಯಲ್ಲಿ ಒಟ್ಟು 250 ನಾಣ್ಯವಾಗುವಷ್ಟು ತುಂಬಿಕೊಡುವುದು ಸ್ಲಟ್ಸ್‌ಕಿ ಅವರ ಕ್ರಮ; ಅಲ್ಲಿ ಎರಡು ಪಾಲುಗಳೂ 9.375 ಆಗುತ್ತವೆ. ಎರಡನ್ನೂ ಒಮ್ಮೆ ಕೈಯಾರೆ ಮಾಡಿ ನೋಡಿದರೆ ಸಮೀಕರಣವನ್ನು ನೆನಪಿಡುವ ಕಷ್ಟವೇ ಉಳಿಯುವುದಿಲ್ಲ.

ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1906ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೌಲಿಯವರಿಗೆ ಬರೆದ ಪತ್ರದಲ್ಲಿ, ಗಣಿತವನ್ನು ಶೀಘ್ರಲಿಪಿಯಂತೆ ಬಳಸಿ, ಬಂದ ಫಲವನ್ನು ಮಾತಿಗೆ ಅನುವಾದಿಸಿ, ಬದುಕಿನ ಉದಾಹರಣೆಗಳಿಂದ ತೋರಿಸಿದ ಮೇಲೆ ಗಣಿತವನ್ನು ಸುಟ್ಟುಬಿಡಬೇಕು ಎಂಬರ್ಥದ ಸಲಹೆ ಕೊಟ್ಟಿದ್ದರು. ಸುಡುವ ಮಾತು ಹಾಗಿರಲಿ, ಪರೀಕ್ಷೆಯಲ್ಲಿ ಅದಕ್ಕೂ ಅಂಕಗಳಿವೆ; ಅನುವಾದದ ಮಾತನ್ನು ಮಾತ್ರ ಬಿಡಬೇಡಿ.

ಉತ್ತರ 3
ಭಿನ್ನಮತ

ಮೇಲಿನ ಇಬ್ಬರ ಮಾತನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ. ಗಣಿತವೆಂದರೆ ಮೊದಲೇ ತಿಳಿದದ್ದನ್ನು ಚುಟುಕಾಗಿ ಬರೆಯುವ ಲಿಪಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ಅದನ್ನು ಹೇಗೋ ದಾಟಿಹೋಗಬೇಕಾದ ಹೊಳೆಯಂತೆ ಕಾಣುತ್ತಾರೆ. ಮಾತಿಗೂ ಚಿತ್ರಕ್ಕೂ ಕಾಣಿಸದ ತಪ್ಪನ್ನು ಗಣಿತ ಹಿಡಿದುಕೊಟ್ಟ ಪ್ರಸಂಗಗಳಿವೆ. ಜೇಕಬ್ ವೈನರ್ 1931ರಲ್ಲಿ ವೆಚ್ಚದ ರೇಖೆಗಳ ಬಗ್ಗೆ ಲೇಖನ ಬರೆಯುವಾಗ, ದೀರ್ಘಾವಧಿಯ ಸರಾಸರಿ ವೆಚ್ಚದ ರೇಖೆಯು ಎಲ್ಲ ಅಲ್ಪಾವಧಿಯ ರೇಖೆಗಳ ಕನಿಷ್ಠ ಬಿಂದುಗಳ ಮೂಲಕ ಹಾದುಹೋಗಬೇಕು, ಆದರೆ ಅವುಗಳಲ್ಲಿ ಯಾವುದಕ್ಕೂ ಎಲ್ಲಿಯೂ ಮೇಲೆ ಹೋಗಬಾರದು ಎಂದು ಬಯಸಿದರು. ಚಿತ್ರ ಬರೆಯುತ್ತಿದ್ದ ವಾಂಗ್ ಎಂಬ ಗಣಿತಜ್ಞರು ಅದು ಸಾಧ್ಯವಿಲ್ಲವೆಂದರು. ಅವರ ಆಕ್ಷೇಪ ತನಗೆ ಅರ್ಥವಾಗಲಿಲ್ಲವೆಂದು ವೈನರ್ ಅಡಿಟಿಪ್ಪಣಿಯಲ್ಲಿ ಬರೆದು ಮುಂದುವರಿದರು, ಆದರೆ ಸರಿಯಿದ್ದವರು ವಾಂಗ್. ದೀರ್ಘಾವಧಿಯ ರೇಖೆ ಇಳಿಯುತ್ತಿರುವ ಕಡೆ ಅದನ್ನು ಸ್ಪರ್ಶಿಸುವ ರೇಖೆಗೂ ಅದೇ ಇಳಿಜಾರು ಇರಬೇಕು. ಕನಿಷ್ಠ ಬಿಂದುವಿನಲ್ಲಾದರೋ ಇಳಿಜಾರು ಸೊನ್ನೆ. ಆ ಕಾಲದ ದೊಡ್ಡ ಅರ್ಥಶಾಸ್ತ್ರಜ್ಞರೊಬ್ಬರಿಗೆ ಒಂದು ಸಾಲಿನ ಅವಕಲನ ಉಳಿಸಿಕೊಡಬಹುದಾಗಿದ್ದ ಪೇಚು ಇದು.

ಇನ್ನು ಪ್ರಶ್ನೆ ಕೇಳಿದವರಿಗೆ. ನಿಮ್ಮ ತೊಂದರೆ ಅರ್ಥದ್ದೇ ಇರಬಹುದು, ಆದರೆ ನನ್ನ ತರಗತಿಯಲ್ಲಿ ಹಿಂದುಳಿದವರಲ್ಲಿ ಬಹಳ ಮಂದಿಗೆ ಅರ್ಥ ಯೋಚಿಸಲು ಸಮಯವೇ ಉಳಿಯುತ್ತಿರಲಿಲ್ಲ. ಘಾತಾಂಕಗಳನ್ನು ಸರಳಗೊಳಿಸುವುದು, ಎರಡು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು, ಲಾಗರಿದಮ್ ತೆಗೆದುಕೊಳ್ಳುವುದು, ಇಂಥ ಬೀಜಗಣಿತದಲ್ಲೇ ಅವರ ಗಂಟೆ ಮುಗಿಯುತ್ತಿತ್ತು. ಕಾಬ್ ಮತ್ತು ಡಗ್ಲಾಸ್ 1928ರಲ್ಲಿ ಬಳಸಿದ, ಪ್ರಮಾಣಗಳಿಗೆ ಘಾತಾಂಕ ಹಾಕಿ ಗುಣಿಸುವ ಆ ಪ್ರಸಿದ್ಧ ಫಲನದ (ನಿಮ್ಮ ಗುಣಲಬ್ಧವೂ ಅದೇ ಬಗೆಯದು) ಲೆಕ್ಕವನ್ನು ಕೈ ತಾನಾಗಿ ಬರೆಯುವಂತಾದ ಮೇಲೆಯೇ, ಘಾತಾಂಕಗಳ ಅನುಪಾತದಲ್ಲಿ ಖರ್ಚು ಹಂಚಿಹೋಗುತ್ತದೆ ಎಂಬುದು ಕಣ್ಣಿಗೆ ಬೀಳುವುದು. ನಿಮ್ಮ ಲೆಕ್ಕದಲ್ಲಿಯೂ ಎಕ್ಸ್‌ಗೆ 50, ವೈಗೆ 50 ನಾಣ್ಯ ಹೋಗಿರುವುದನ್ನು ಗಮನಿಸಿದಿರಾ?

ಇನ್ನಷ್ಟು ಗಣಿತ ಕಲಿತು ಬರುವ ವಿಚಾರವಿದ್ದರೆ, ಏನನ್ನು ಕಲಿಯುತ್ತೀರಿ ಎಂಬುದನ್ನು ಮೊದಲು ನೋಡಿ. ನನ್ನ ಪತ್ರಿಕೆಯಲ್ಲಿ ಸಮಾಕಲನ ಬಂದದ್ದು ಗ್ರಾಹಕರ ಹೆಚ್ಚಳವನ್ನು, ಅಂದರೆ ಅವರು ಕೊಡಲು ಸಿದ್ಧವಿದ್ದ ಹಣಕ್ಕೂ ಕೊಟ್ಟ ಹಣಕ್ಕೂ ಇರುವ ಅಂತರವನ್ನು, ಅಳೆಯುವಾಗ ಒಮ್ಮೆ ಮಾತ್ರ; ಸರಪಳಿ ನಿಯಮ ಮತ್ತು ಭಾಗಶಃ ಅವಕಲನ ದಿನವೂ ಬೇಕಾದವು. ಅಂದಹಾಗೆ, ನಾನು ಈ ಪತ್ರಿಕೆಯನ್ನು ಒಮ್ಮೆ ಅರ್ಧಕ್ಕೆ ಬಿಟ್ಟವಳು. ಮುಂದಿನ ವರ್ಷ ಅದನ್ನೇ ಓದಿ ಮುಗಿಸಿದೆ, ಅದರಿಂದ ಯಾರ ಗೌರವವೂ ಕುಗ್ಗಲಿಲ್ಲ.

ಮರುಪ್ರಶ್ನೆ
ಸೀಮಾಂತ ವಿದ್ಯಾರ್ಥಿ

ಮೂವರಿಗೂ ಕೃತಜ್ಞತೆಗಳು. 101 ನಾಣ್ಯದ ಲೆಕ್ಕವನ್ನೂ ಬೆಲೆ ಏರಿಕೆಯ ಲೆಕ್ಕವನ್ನೂ ನಿನ್ನೆ ರಾತ್ರಿ ಕೈಯಾರೆ ಮಾಡಿದೆ, ಪತ್ರಿಕೆಯನ್ನು ಬಿಡುವ ಯೋಚನೆಯನ್ನು ಎರಡನೆಯ ಕಿರುಪರೀಕ್ಷೆಯವರೆಗೆ ಮುಂದೂಡಿದ್ದೇನೆ. ಈಗ ಹೊಸದೊಂದು ತೊಡಕು ಬಂದಿದೆ. ನನ್ನ ಗೆಳತಿ ಅದೇ ಲೆಕ್ಕದಲ್ಲಿ ತುಷ್ಟಿಗುಣದ ಲಾಗರಿದಮ್ ತೆಗೆದುಕೊಂಡು ಬಿಡಿಸಿದಳು. ಎಕ್ಸ್ 25, ವೈ 10 ಅವಳಿಗೂ ಬಂದಿತು, ಆದರೆ ಲ್ಯಾಮ್ಡಾ 0.02 ಬಂದಿದೆ. ಎರಡರಲ್ಲಿ ಯಾವುದು ಸರಿ?

ಉತ್ತರ 4
ಕೆಂಪು ಶಾಯಿ

ಎರಡೂ ಸರಿ. ತುಷ್ಟಿಗುಣದ ಅಂಕಿಗಳು ಯಾವುದು ಹೆಚ್ಚು ಇಷ್ಟ, ಯಾವುದು ಕಡಿಮೆ ಎಂಬ ಕ್ರಮವನ್ನು ಮಾತ್ರ ಹೇಳುತ್ತವೆ. ಲಾಗರಿದಮ್ ಆ ಕ್ರಮವನ್ನು ಕೆಡಿಸುವುದಿಲ್ಲವಾದ್ದರಿಂದ ಕೊಳ್ಳುವ ಪ್ರಮಾಣಗಳು ಬದಲಾಗಲಿಲ್ಲ. ಲ್ಯಾಮ್ಡಾ ಮಾತ್ರ ನೀವು ಆರಿಸಿಕೊಂಡ ಅಳತೆಗೋಲಿನಲ್ಲಿಯೇ ಮಾತನಾಡುತ್ತದೆ, ಅಳತೆಗೋಲು ಬದಲಾದರೆ ಅದೂ ಬದಲಾಗುತ್ತದೆ. ಸರಪಳಿ ನಿಯಮದಂತೆ ನಿಮ್ಮ 5ನ್ನು ಆ ಬಿಂದುವಿನ ತುಷ್ಟಿಗುಣವಾದ 250ರಿಂದ ಭಾಗಿಸಿ, ನಿಮ್ಮ ಗೆಳತಿಯ 0.02 ಸಿಗುತ್ತದೆ. ಪರೀಕ್ಷೆಯಲ್ಲಿ ಆ ಒಂದು ವಾಕ್ಯವನ್ನು ಬರೆಯುವಾಗ ಯಾವ ಫಲನದ ತುಷ್ಟಿಗುಣ ಎಂಬುದನ್ನೂ ಸೇರಿಸಿ ಬರೆಯಿರಿ.