ಮೊಣಕಾಲು ಪೆಟ್ಟಾದವರನ್ನೇ ನಂಬಿ ಬಾಸ್ಕೆಟ್‌ಬಾಲ್ ತಂಡ ಕಟ್ಟುವುದಾ?

ಕೊಡಿಯಾಲಬೈಲ್ ಗಾರ್ಡ್:
ನಮ್ಮ ಕ್ಲಬ್ಬಿಗೆ ಎರಡು ಸೀಸನ್‌ನಿಂದ ಸೋಲೇ ಜಾಸ್ತಿ. ಆಟ ಗೊತ್ತಿರುವವರು ಇಬ್ಬರೇ. ಸೆಂಟರ್‌ಗೆ, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದವನಿಗೆ, ಎಸಿಎಲ್ (ಮೊಣಕಾಲಿನೊಳಗಿನ ಸ್ನಾಯುಬಂಧ) ಆಪರೇಷನ್ ಆಗಿ ಈಗ ಏಳನೇ ತಿಂಗಳು. ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್‌ನ ಎಡಗಾಲಿನ ಹರಡು (ಪಾದದ ಮೇಲಿನ ಕೀಲು) ಮೂರು ಸಲ ಉಳುಕಿದೆ. ಮಳೆ ಬಿಟ್ಟ ಕೂಡಲೇ ಟೂರ್ನಮೆಂಟ್ ಶುರು. ಇವರನ್ನೇ ನೆಚ್ಚಿ ತಂಡ ಕಟ್ಟುವುದಾ, ಪಿಯುಸಿ ಹುಡುಗರನ್ನು ಇಳಿಸಿ ಎರಡು ವರ್ಷ ಕಾಯುವುದಾ?

ಉರ್ವ ಹೂಪ್ಸ್:
ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಸೋತರೂ ಲಾಭ ಉಂಟು, ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಆರಿಸುವಾಗ) ಒಳ್ಳೆಯ ಹುಡುಗ ಸಿಗುತ್ತಾನೆ. ನಮಗೆ ಸೋತರೆ ಸೋತದ್ದೇ. ಆದರೆ ಅಲ್ಲಿಯ ಒಂದು ಪಾಠ ಇಲ್ಲಿಗೂ ಹೊಂದುತ್ತದೆ. 2024-25ರಲ್ಲಿ ಫಿಲಡೆಲ್ಫಿಯಾ ತಂಡ, ಒಟ್ಟು ಸಂಬಳದ ಮಿತಿ ಸುಮಾರು 14 ಕೋಟಿ ಡಾಲರ್ ಇದ್ದಾಗ ಎಂಬೀಡ್, ಪಾಲ್ ಜಾರ್ಜ್ ಇಬ್ಬರಿಗೇ ಸುಮಾರು 10 ಕೋಟಿ ಸುರಿಯಿತು. ಪೆಟ್ಟಿನಿಂದಾಗಿ 82 ಪಂದ್ಯಗಳಲ್ಲಿ ಎಂಬೀಡ್ ಆಡಿದ್ದು 19, ಜಾರ್ಜ್ 41. ತಂಡ ಗೆದ್ದದ್ದು 24. ಮಿತಿಯಲ್ಲಿ ಉಳಿದವರಿಗೆ ಉಳಿದದ್ದು ಸುಮಾರು 4 ಕೋಟಿ.
ಸ್ಟೀಫನ್ ಕರಿಯನ್ನೂ ನೋಡಿ. 2011-12ರಲ್ಲಿ ಹರಡಿನ ತೊಂದರೆಯಿಂದ ಆಡಿದ್ದು 26 ಪಂದ್ಯ. ಅವನ ತಂಡ ಗೋಲ್ಡನ್ ಸ್ಟೇಟ್ 4 ವರ್ಷಕ್ಕೆ ಬರೀ 4.4 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿತು, ಬೇರೆಯವರನ್ನು ತರಲು ಜಾಗ ಉಳಿಯಿತು, 2015ರಲ್ಲಿ ಕಪ್ ಬಂತು. ನಿಮ್ಮಲ್ಲಿ ಸಂಬಳದ ಬದಲು ಆಡುವ ನಿಮಿಷಗಳು. ಅಷ್ಟನ್ನೂ ಇಬ್ಬರಿಗೆ ಕೊಟ್ಟರೆ ಹುಡುಗರು ಕಲಿಯುವುದು ಯಾವಾಗ?

ಮಣಿಪಾಲ ಫಿಸಿಯೊ:
ಎಸಿಎಲ್‌ಗೆ 9 ತಿಂಗಳ ಮೊದಲು ಮ್ಯಾಚ್ ಬೇಡವೇ ಬೇಡ. ನೋವಿಲ್ಲ ಅಂದ ಮಾತ್ರಕ್ಕೆ ಒಳಗೆ ಕೂರಿಸಿದ ಸ್ನಾಯುಬಂಧ ಗಟ್ಟಿಯಾಗಿರುವುದಿಲ್ಲ. 9 ತುಂಬಿದ ಮೇಲೂ ಪರೀಕ್ಷೆ ಮಾಡಿ: ಒಂದೇ ಕಾಲಲ್ಲಿ ಮುಂದಕ್ಕೆ ಹಾರಿಸಿ ಟೇಪಿನಲ್ಲಿ ಅಳೆಯಿರಿ, ಪ್ರತಿ ಕಾಲಿಗೆ 3 ಸಲ. ಪೆಟ್ಟಾದ ಕಾಲು ಇನ್ನೊಂದರ 90 ಶೇಕಡಾ ಆದರೂ ಹಾರಬೇಕು. ತೊಡೆಯ ಬಲವನ್ನೂ ಹೀಗೆಯೇ ಅಳೆಸಿ. ಇಳಿಯುವಾಗ ಮೊಣಕಾಲು ಒಳಗೆ ವಾಲಿದರೆ ಫೇಲ್, ಎಷ್ಟು ದೂರ ಹಾರಿದರೂ ಸರಿ.
ಗಾರ್ಡ್‌ನ ಹರಡಿಗೆ ಲೇಸ್ ಕಟ್ಟುವ ಬ್ರೇಸ್, ಪ್ರಾಕ್ಟೀಸಿಗೂ ಹಾಕಲಿ. ದಿನಾ ಒಂಟಿಕಾಲಲ್ಲಿ 30 ಸೆಕೆಂಡ್, 3 ಸಲ. ಸುಲಭವಾದ ಮೇಲೆ ಕಣ್ಣು ಮುಚ್ಚಿ. ಕನಿಷ್ಠ 6 ವಾರ. ಮತ್ತೆ ನಿಮ್ಮ ಸಿಮೆಂಟ್ ಕೋರ್ಟ್: ಆಟಿ (ತುಳುವರ ಮಳೆಗಾಲದ ತಿಂಗಳು) ಕಳೆದ ಮೇಲೆ ರಿಂಗಿನ ಅಡಿಯಲ್ಲಿ, ನೆರಳು ಬೀಳುವ ಕಡೆ ಹಸಿರು ಪಾಚಿ ನಿಂತಿರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ತೊಳೆದು, ಒಣಗಿದ ಮೇಲೆಯೇ ಆಡಿಸಿ. ಉಳುಕಿದ ಕಾಲು ಮತ್ತೆ ಜಾರುವುದು ಅಲ್ಲೇ.

ಕೊಡಿಯಾಲಬೈಲ್ ಗಾರ್ಡ್:
ಸೆಂಟರ್ ಸದ್ಯಕ್ಕೆ ಬೇಡ, ಒಪ್ಪಿದೆ. ಗಾರ್ಡ್‌ನನ್ನು ಎಷ್ಟು ನಿಮಿಷ ಆಡಿಸಲಿ?

ಉಡುಪಿ ಕೋಚ್:
40 ನಿಮಿಷದಲ್ಲಿ 18, ಅದೂ 4-5 ನಿಮಿಷದ ತುಂಡುಗಳಲ್ಲಿ. ಕೊನೆಯ 5 ನಿಮಿಷ ಅವನಿಗೇ ಇಟ್ಟುಕೊಳ್ಳಿ. ಬೆಂಚಿನಲ್ಲಿ ಕೂತು ಮೈ ತಣ್ಣಗಾದವನನ್ನು ಹಾಗೆಯೇ ಇಳಿಸಬೇಡಿ ಮಾರಾಯ್ರೆ, 2 ನಿಮಿಷ ಸೈಡಿನಲ್ಲಿ ಓಡಲಿ. ಒಂದೇ ದಿನ ಎರಡು ಮ್ಯಾಚ್ ಬಂದರೆ ಒಂದರಲ್ಲಿ ಮಾತ್ರ.
ದೊಡ್ಡ ಕೆಲಸ ಬೇರೆ ಉಂಟು. ಅವನಿಗೊಂದು, ಹುಡುಗರಿಗೊಂದು ಅಂತ ಎರಡು ಆಟ ಕಲಿಸಬೇಡಿ. ಐದೂ ಜನ ಆರ್ಕ್‌ನ (ಮೂರು ಪಾಯಿಂಟಿನ ಗೆರೆಯ) ಹೊರಗೆ ನಿಲ್ಲಲಿ, ಪಾಸ್ ಕೊಟ್ಟವನು ರಿಂಗಿನ ಕಡೆ ಓಡಲಿ, ಖಾಲಿಯಾದ ಜಾಗಕ್ಕೆ ಪಕ್ಕದವನು ಬರಲಿ. ಇದಕ್ಕೆ ಎತ್ತರದ ಸೆಂಟರ್ ಬೇಕಿಲ್ಲ. ಗಾರ್ಡ್ ಹೊರಗೆ ಕೂತಾಗ ಚೆಂಡು ತರಲು ಇಬ್ಬರು ಪಿಯುಸಿ ಹುಡುಗರನ್ನು ಈಗಲೇ ಗೊತ್ತು ಮಾಡಿ. ಪ್ರಾಕ್ಟೀಸಿನಲ್ಲಿ ಫುಲ್ ಕೋರ್ಟ್ ಪ್ರೆಸ್ (ಇಡೀ ಕೋರ್ಟಿನಲ್ಲಿ ಎದುರಾಳಿ ಮೈಮೇಲೆ ಬಂದು ತಡೆಯುವುದು) ಎದುರಿಸಿ 8 ಸೆಕೆಂಡಿನೊಳಗೆ ಅರ್ಧ ದಾಟಿಸುವುದನ್ನು ದಿನಾ 20 ಸಲ ಮಾಡಿಸಿ. ಎದುರಾಳಿ ಪ್ರೆಸ್ ಹಾಕುವುದು ನಿಮ್ಮ ಗಾರ್ಡ್ ಬೆಂಚಿಗೆ ಹೋದ ಮರುಕ್ಷಣವೇ.