ಬದುವಿನ ಹೂಗಳ ಬೀಜ ಮಾರಿ ಸಂಸಾರ ನಡೆಸಬಹುದಾ? ತಿಳಿದವರು ಹೇಳಿ

ಶಿರಾ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಸೊಂಟದ ಡಿಸ್ಕ್ ಜಾರಿ ಆಪರೇಷನ್ ಆಯಿತು. ಇನ್ನು ಮಿಷನ್ ಮುಂದೆ ಗಂಟೆಗಟ್ಟಲೆ ಕೂರುವ ಹಾಗಿಲ್ಲ ಅಂತ ಡಾಕ್ಟರು ಹೇಳಿಬಿಟ್ಟರು. ಚೆಕ್ಕಿಂಗ್‌ನಲ್ಲೋ ಪ್ಯಾಕಿಂಗ್‌ನಲ್ಲೋ ಹಾಕಿ ಅಂತ ಫ್ಯಾಕ್ಟರಿಯಲ್ಲಿ ಕೇಳಿಕೊಂಡೆ. ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಬಂದ ಪಿಎಫ್‌ನಲ್ಲಿ ಸಾಲ ತೀರಿಸಿ, ಮಗಳನ್ನು ಕರೆದುಕೊಂಡು ಅಮ್ಮನ ಮನೆ ಸೇರಿದೆ.

ಅಮ್ಮನದು ಎರಡು ಎಕರೆ ಖುಷ್ಕಿ. ರಾಗಿ, ಕಡ್ಲೆಕಾಯಿ, ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು. ಬಗ್ಗಿ ಕಳೆ ಕೀಳುವುದು, ಮೂಟೆ ಎತ್ತುವುದು ನನ್ನ ಕೈಲಿ ಆಗುವುದಿಲ್ಲ. ನಡೆಯಬಲ್ಲೆ, ನಿಂತು ಕೊಯ್ಯಬಲ್ಲೆ. ದೀಪಾವಳಿ ಹತ್ತಿರ ಬಂದಾಗ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ ಒಬ್ಬರು ಫೋನ್ ಮಾಡಿದರು. ಹಬ್ಬಕ್ಕೆ ಸಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟಿ ಲಕ್ಕವ್ವನಿಗೆ ಮುಡಿಸಲು ಬೆಂಗಳೂರಲ್ಲಿ ತಂಗಡಿ ಹೂ, ಅಣ್ಣೆ ಹೂ ಎಲ್ಲೂ ಸಿಗುತ್ತಿಲ್ಲ, ಬಸ್ಸಿಗೆ ಹಾಕಿ ಕಳಿಸು ಅಂದರು. ಕಳಿಸಿದೆ. ಹಬ್ಬ ಆದ ಮೇಲೆ ಬೀಜವನ್ನೂ ಕೇಳಿದರು. ಅವರ ಮನೆ ಹತ್ತಿರದವರೂ ಕೇಳಿದರು. ಹಾಗೆ ಶುರುವಾಯಿತು.

ಈಗ ತಂಗಡಿ, ತುಂಬೆ, ಅಣ್ಣೆ, ಗಿಲಿಗಿಚ್ಚಿ, ಬಿಳಿ ಮತ್ತು ನೀಲಿ ಶಂಖಪುಷ್ಪ, ಹುಚ್ಚೆಳ್ಳು ಇಷ್ಟರ ಬೀಜ ಕಾಗದದ ಪೊಟ್ಟಣದಲ್ಲಿ ಕಟ್ಟಿ 30 ರೂಪಾಯಿಗೆ ಕೊಡುತ್ತಿದ್ದೇನೆ. ಪೊಟ್ಟಣದ ಮೇಲೆ ಮಗಳು ಹೂವಿನ ಚಿತ್ರ ಬರೆಯುತ್ತಾಳೆ. ಆದರೆ ಕೆಲವು ವಿಷಯ ಬಗೆಹರಿಯುತ್ತಿಲ್ಲ.

ತಂಗಡಿ ಬೀಜ ಎಷ್ಟೋ ಜನಕ್ಕೆ ಮೊಳೆಯುತ್ತಿಲ್ಲ. ಬದುವಿನಲ್ಲಿ ತಾನೇ ಹುಟ್ಟುವ ಗಿಡ ಕುಂಡದಲ್ಲಿ ಯಾಕೆ ಹುಟ್ಟುವುದಿಲ್ಲ?

ಇನ್ನೊಂದು, ಮಾರುವುದಕ್ಕೆ ಯಾವುದಾದರೂ ಪರ್ಮಿಷನ್ ಬೇಕಾ? ನಾನು ಕೊಯ್ಯುವುದು ನಮ್ಮ ಹೊಲದ್ದು, ಚಿಕ್ಕಪ್ಪನ ಹೊಲದ್ದು ಮಾತ್ರ.

ಮೂರನೆಯದೇ ನನಗೆ ನಿದ್ದೆ ಕೆಡಿಸಿರುವುದು. ತುಮಕೂರಿನ ಒಂದು ನರ್ಸರಿಯವರು ಒಟ್ಟಿಗೆ ಮಾಲು ತೆಗೆದುಕೊಳ್ಳಲು ಒಪ್ಪಿದ್ದಾರೆ. ಷರತ್ತು ಏನೆಂದರೆ ‘ವೈಲ್ಡ್ ಫ್ಲವರ್ ಮಿಕ್ಸ್’ ಅಂತ ಹೆಸರಿಟ್ಟು ಅದರಲ್ಲಿ ಹಳದಿ ಕಾಸ್ಮಾಸ್ ಜಾಸ್ತಿ ಹಾಕಬೇಕಂತೆ. ಬೇಗ ಹುಟ್ಟುತ್ತೆ, ಬಣ್ಣ ಬರುತ್ತೆ, ಜನ ಖುಷಿಯಾಗುತ್ತಾರೆ ಅಂತಾರೆ. ತುಂಬೆ, ಅಣ್ಣೆ ಎಲ್ಲ ಕಳೆ, ಯಾರು ದುಡ್ಡು ಕೊಡುತ್ತಾರೆ ಅಂತಲೂ ಅಂದರು. ಆ ಮಾತು ಮನಸ್ಸಿಗೆ ತುಂಬಾ ನಾಟಿತು. ಶಿವರಾತ್ರಿಗೆ ಬೇಕಾಗುವುದು ಅದೇ ತುಂಬೆ. ಅಮ್ಮ ರಾಗಿ ಹೊಲದಲ್ಲಿ ಎಳೆ ಅಣ್ಣೆಯನ್ನು ಸಾರಿಗೆ ಅಂತ ಮಡಿಲಿಗೆ ಹಾಕಿಕೊಂಡು, ಒಂದಷ್ಟು ಗಿಡ ಬೀಜಕ್ಕೆ ಬಿಡುತ್ತಾಳೆ. ಈಗ ಅಕ್ಕಪಕ್ಕದ ಹೊಲಗಳಲ್ಲಿ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ. ಇನ್ನು ಸ್ವಲ್ಪ ವರ್ಷಕ್ಕೆ ಹಬ್ಬಕ್ಕೂ ಒಂದು ಕಡ್ಡಿ ಸಿಗುವುದಿಲ್ಲ. ಆದರೆ ಮಗಳ ಸ್ಕೂಲ್ ಫೀಸ್ ಕಟ್ಟಬೇಕು. ನರ್ಸರಿಯವರಿಗೆ ಏನು ಹೇಳಲಿ?

ಹೊಸದುರ್ಗದ ರೈತ:

ತಂಗಿ, ಮೊದಲು ತಂಗಡಿ ವಿಷಯ. ಅದರ ಬೀಜದ ಸಿಪ್ಪೆ ಬಲು ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ. ಬದುವಿನಲ್ಲಿ ಬಿದ್ದ ಬೀಜ ಬಿಸಿಲು, ಮಳೆ, ಮಣ್ಣಿನ ತಿಕ್ಕಾಟಕ್ಕೆ ಸಿಕ್ಕಿ ನಿಧಾನಕ್ಕೆ ಮೆತ್ತಗಾಗುತ್ತದೆ. ಕೆಲವು ಮುಂದಿನ ವರ್ಷ ಹುಟ್ಟುತ್ತವೆ. ಕುಂಡದವರು ಅಷ್ಟು ಕಾಯುವುದಿಲ್ಲ ಅಲ್ವಾ. ನೀರು ಕುದಿಸಿ ಒಲೆಯಿಂದ ಇಳಿಸಿ, ಬೀಜದ ಮೇಲೆ ಹುಯ್ದು, ರಾತ್ರಿಯಿಡೀ ಹಾಗೇ ಬಿಡಲು ಹೇಳಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಬೇಕು. ಉಬ್ಬದೆ ಉಳಿದವಕ್ಕೆ ಇನ್ನೊಂದು ಸಲ ಅದೇ ಶಾಸ್ತ್ರ. ಶಂಖಪುಷ್ಪಕ್ಕೆ ಬಿಸಿನೀರು ಬೇಡ, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ ನೆನೆಹಾಕಿದರೆ ಸಾಕು.

ಅಣ್ಣೆ, ತುಂಬೆಯ ಬೀಜ ಸಣ್ಣ. ಮರಳು ಬೆರೆಸಿ ಮೇಲೆ ಉದುರಿಸಬೇಕು, ಆಳಕ್ಕೆ ಹೂಳಬಾರದು. ಇದೆಲ್ಲ ಪೊಟ್ಟಣದ ಹಿಂದೆ ಬರೆಯಿರಿ. ಅರ್ಧ ದೂರು ಅಲ್ಲೇ ನಿಲ್ಲುತ್ತದೆ.

ಗಿಲಿಗಿಚ್ಚಿ ಕಾಯಿ ಅಲ್ಲಾಡಿಸಿದಾಗ ಒಳಗೆ ಸದ್ದು ಬಂದರೆ ಕೊಯ್ಯಿರಿ. ಇನ್ನೂ ಬಿಟ್ಟರೆ ಸಿಡಿದು ಹೋಗುತ್ತದೆ. ಅದರ ಬೀಜ ದನಕರುಗಳಿಗೆ ವಿಷ, ಅದನ್ನೂ ಕೆಂಪಕ್ಷರದಲ್ಲಿ ಹಾಕಿ. ತಂಗಡಿ ಕಾಯೊಳಗೆ ಹುಳು ಬೀಳುತ್ತದೆ, ತೂತಾದ ಬೀಜ ಒಂದೂ ಒಳಗೆ ಹೋಗಬಾರದು.

ಒಣಗಿಸುವುದು ನೆರಳಲ್ಲಿ, ಗಾಳಿ ಆಡುವ ಕಡೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಅದರ ಬಾಳಿಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನುವುದು ಬೀಜದ ಕೆಲಸದಲ್ಲಿರುವವರ ಹಳೆಯ ಲೆಕ್ಕ. ಒಣಗಿದ ಮೇಲೆ ಗಾಜಿನ ಬಾಟಲಿಗೆ ಹಾಕಿ. ತಳದಲ್ಲಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಡಿ, ಅದು ತೇವ ಹೀರಿಕೊಳ್ಳುತ್ತದೆ. ಪೊಟ್ಟಣ ಕಟ್ಟುವ ಮೊದಲು 100 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ನೋಡಿ. ಆ ಸಂಖ್ಯೆ, ಕೊಯ್ದ ತಿಂಗಳು ಎರಡನ್ನೂ ಬರೆಯಿರಿ. ದೊಡ್ಡ ಕಂಪನಿ ಹೆಸರು ಇಲ್ಲದವರಿಗೆ ಅದೇ ಹೆಸರು.

ಸಂಸಾರದ ಮಾತು ನೇರವಾಗಿ ಹೇಳುತ್ತೇನೆ. 30 ರೂಪಾಯಿಯ ಒಂದು ಪೊಟ್ಟಣ ಕಳಿಸಿದರೆ ಅಂಚೆ ಖರ್ಚೇ ಜಾಸ್ತಿ. ಐದು ಬಗೆ ಸೇರಿಸಿ ಒಂದು ಕಟ್ಟು ಮಾಡಿ ಮಾರಿ. ಮೊದಲೆರಡು ವರ್ಷ ಇದೊಂದನ್ನೇ ನೆಚ್ಚಿಕೊಳ್ಳಬೇಡಿ, ರಾಗಿ ಕಡ್ಲೆಕಾಯಿ ಜೊತೆಗಿರಲಿ.

ತಾರಸಿ ತೋಟ, ಬೆಂಗಳೂರು:

ಅಕ್ಕ, ನಾನು ಕೊಳ್ಳುವವನ ಕಡೆಯಿಂದ ಹೇಳುತ್ತೇನೆ. ಕಾಸ್ಮಾಸ್ ಬೀಜ ಇಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ನಿಮ್ಮ ಹತ್ತಿರ ಬರುವುದು ಬೇರೆಲ್ಲೂ ಸಿಗದ್ದಕ್ಕೆ. ಕಾಸ್ಮಾಸ್ ಮೆಕ್ಸಿಕೋ ಕಡೆಯ ಗಿಡ, ಒಂದು ಸಲ ಹಾಕಿದರೆ ತಾನೇ ಬೀಜ ಚೆಲ್ಲಿಕೊಂಡು ಹಬ್ಬುತ್ತದೆ. ಲಂಟಾನವೂ ಬ್ರಿಟಿಷರ ಕಾಲದಲ್ಲಿ ಅಂದಕ್ಕೆ ಅಂತಲೇ ಬಂದದ್ದು. ಇವತ್ತು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅದು ಎಷ್ಟು ತುಂಬಿದೆ ಅಂತ ಹೋದವರಿಗೆ ಗೊತ್ತು.

ನಮ್ಮ ತಾರಸಿಯಲ್ಲಿ ತಂಗಡಿ ಇದೆ. ಆ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಕಪ್ಪು ದುಂಬಿ ಬಂದು ಹೂ ಹಿಡಿದುಕೊಂಡು ಗುಂಯ್ ಅಂತ ಅದುರಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಎಲೆಯ ಮೇಲೆ ತಿಳಿ ಹಳದಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಗಿಲಿಗಿಚ್ಚಿಯ ಒಣಗಿದ ಕಡ್ಡಿಗೆ ನೀಲಿ ಪಟ್ಟೆಯ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಇದನ್ನು ನೋಡಲಿಕ್ಕೇ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಮೇಲೆ ಬರುತ್ತಾರೆ. ಹಬ್ಬಕ್ಕೆ ಅಂತ ಒಂದು ಕಟ್ಟು ಮಾಡಿ ಅಕ್ಕ: ತಂಗಡಿ, ಅಣ್ಣೆ, ಹುಚ್ಚೆಳ್ಳು, ಉತ್ತರಾಣಿ. ಮುಂಗಾರಿಗೆ ಮೊದಲೇ ನಮ್ಮ ಕೈ ಸೇರಬೇಕು. ತಂಗಡಿ ಮೊದಲ ವರ್ಷವೇ ಹೂ ಬಿಡುತ್ತದೆ ಅಂತ ಮಾತ್ರ ಮಾತು ಕೊಡಬೇಡಿ.

ಸಾಗರದಿಂದ:

ಪರ್ಮಿಷನ್ ಬಗ್ಗೆ ನನಗೆ ಗೊತ್ತಿರುವಷ್ಟು. ಸ್ವಂತ ಹೊಲದ್ದು ಕೊಯ್ಯುತ್ತಿದ್ದೀರಿ, ಅದನ್ನೇ ಮುಂದುವರಿಸಿ. ಮೀಸಲು ಅರಣ್ಯಕ್ಕೆ ಕಾಲಿಡಬೇಡಿ. ನಿಮ್ಮ ಪಕ್ಕದ ಮಧುಗಿರಿ ತಾಲೂಕಿನ ಮೈದನಹಳ್ಳಿ ಕೃಷ್ಣಮೃಗ ಮೀಸಲಿನ ಹುಲ್ಲುಗಾವಲಿನಲ್ಲೂ ಒಂದು ಕಾಯಿ ಕೀಳುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸ್ಥಳೀಯ ಬೆಳೆಗಾರರಿಗೆ ವಿನಾಯಿತಿ ಇದೆ. ಆದರೂ ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಒಂದು ಅರ್ಜಿ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಪುಕ್ಕಟೆ, ಮಾಡಿಸಿಕೊಂಡರೆ ಮುಂದೆ ಸಾಲಕ್ಕೆ ಅನುಕೂಲ.

ಹೊರದೇಶದಿಂದ ಯಾರಾದರೂ ಕೇಳಿದರೆ ಸುಮ್ನೆ ಕವರಿನಲ್ಲಿ ಹಾಕಿ ಕಳಿಸಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ಬೀಜವನ್ನು ಅಲ್ಲಿ ತಡೆದು ನಾಶ ಮಾಡುತ್ತಾರೆ. ಗೌರಿ ಹೂವಿನ ಬೀಜ ಕೇಳುವವರೂ ಬರುತ್ತಾರೆ. ಕೆಂಪು ಹಳದಿ ಜ್ವಾಲೆಯ ಹಾಗೆ ಅರಳುವ ಬಳ್ಳಿ, ನೋಡಲು ಬಲು ಚಂದ. ಆದರೆ ಗಡ್ಡೆಯಿಂದ ಬೀಜದವರೆಗೆ ಎಲ್ಲ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಕೊಡಬೇಡಿ.

ಶಿರಾ ಕಡೆಯವಳು:

ಎಲ್ಲರಿಗೂ ಕೈಮುಗಿಯುತ್ತೇನೆ. ಹೊಸದುರ್ಗದ ಅಣ್ಣ, ಬಿಸಿನೀರಿನದು ಇವತ್ತೇ ಶುರು ಮಾಡಿದೆ. 100 ತಂಗಡಿ ಬೀಜ ಪಾತ್ರೆಯಲ್ಲಿವೆ. ಪಕ್ಕದಲ್ಲಿ ಇನ್ನೂ 100 ತಣ್ಣೀರಲ್ಲಿ ಹಾಕಿದ್ದೇನೆ, ವ್ಯತ್ಯಾಸ ನನಗೇ ಕಾಣಲಿ ಅಂತ.

ನರ್ಸರಿಯವರಿಗೆ ಫೋನ್ ಮಾಡಿ ಕಾಸ್ಮಾಸ್ ಹಾಕುವುದಿಲ್ಲ ಅಂದೆ. ಹಬ್ಬದ ಕಟ್ಟು ಮಾಡಿದರೆ ಇಟ್ಟುಕೊಳ್ಳುತ್ತೀರಾ ಅಂತಲೂ ಕೇಳಿದೆ. ಹತ್ತು ಕಟ್ಟು ತಂದಿಡಿ, ಹೋದರೆ ನೋಡೋಣ ಅಂದಿದ್ದಾರೆ. ಅಷ್ಟು ಸಾಕು ನನಗೆ.

ಊರಲ್ಲಿ ಸಂಜೀವಿನಿ ಸ್ವಸಹಾಯ ಗುಂಪಿನ ಹೆಂಗಸರಿಗೂ ಹೇಳಿದ್ದೇನೆ. ಬದುವಿಗೆ ಕಳೆನಾಶಕ ಹೊಡೆಯದೆ ಬಿಟ್ಟವರ ಹೊಲದ ಬೀಜಕ್ಕೆ ತೂಕದ ಮೇಲೆ ದುಡ್ಡು ಕೊಡುತ್ತೇನೆ. ಇಬ್ಬರು ಒಪ್ಪಿದ್ದಾರೆ. ತುಂಬೆ ಬೀಜಕ್ಕೆ ಕೆಜಿಗೆ ಎಷ್ಟು ಕೊಟ್ಟರೆ ನ್ಯಾಯ ಅಂತ ಯಾರಿಗಾದರೂ ಅಂದಾಜಿದ್ದರೆ ತಿಳಿಸಿ. ಅಷ್ಟು ಸಣ್ಣ ಬೀಜ ಬಡಿದು, ಕೇರಿ, ಹಸನು ಮಾಡುವ ಅವರ ಕೂಲಿಗೆ ಮೋಸ ಆಗಬಾರದು.